ದ್ರಾಕ್ಷಿ ಸಾಲಿನ ನಡುವೆ ಹವಾಮಾನ ಕಂಬ: ಕಲಬುರಗಿಯ ಎರೆ ನೆಲಕ್ಕೆ ಯಾವ ಸೆನ್ಸರ್ ಬೇಕು, ಯಾವುದು ದಂಡ

ದ್ರಾಕ್ಷಿ ತೋಟಕ್ಕೆಂದು ಮಾರುವ ಹವಾಮಾನ ಕೇಂದ್ರದಲ್ಲಿ ಇರುವುದಿಷ್ಟು: ಆಳೆತ್ತರದ ಒಂದು ಜಿಐ ಪೈಪು, ನೆತ್ತಿಯ ಮೇಲೆ ಮಳೆ ಬಟ್ಟಲು, ಅದರ ಕೆಳಗೆ ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂಥ ಗೂಡಿನೊಳಗೆ ಉಷ್ಣತೆ-ತೇವಾಂಶದ ಸೆನ್ಸರ್, ಎಲೆಯ ಆಕಾರದ ಒಂದು ಪಟ್ಟಿ, ಗಾಳಿಗೆ ತಿರುಗುವ ಮೂರು ಬಟ್ಟಲು, ಮಣ್ಣಿಗಿಳಿದ ಒಂದು ಕೇಬಲ್, ಸಿಮ್ ಹಾಕಿದ ಡಬ್ಬಿ, ಸಣ್ಣದೊಂದು ಸೋಲಾರ್ ಪ್ಲೇಟು. ಮೇಲಿನ ಸ್ಟಿಕರ್ ಬದಲಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಇದೇ. ಆದ್ದರಿಂದ ಈ ವಿಮರ್ಶೆ ಯಾವ ಕಂಪನಿಯದೂ ಅಲ್ಲ, ಈ ಸಾಮಾನಿನದು. ಅಳೆಯುವ ಗಜಕಡ್ಡಿಯೂ ಒಂದೇ. ಆಳಂದ, ಅಫಜಲಪುರ ಕಡೆ ವೈನ್ ದ್ರಾಕ್ಷಿ ಹಾಕಿದವರಿಗೆ ಏಪ್ರಿಲ್ ಚಾಟ್ನಿಯಿಂದ (ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ ನಮ್ಮ ಕಡೆಯ ಹೆಸರು) ಫೆಬ್ರವರಿ-ಮಾರ್ಚ್ ಕಟಾವಿನ ತನಕ ಇವತ್ತು ಯಾವ ಕೆಲಸ ಮಾಡಬೇಕು, ಯಾವುದನ್ನು ನಾಳೆಗೆ ಬಿಡಬೇಕು ಎಂಬುದನ್ನು ಇದು ಹೇಳುತ್ತದೋ ಇಲ್ಲವೋ?

ತೀರ್ಪು ಮೊದಲೇ ಹೇಳಿಬಿಡೋಣ. ಮಳೆ, ಉಷ್ಣತೆ-ತೇವಾಂಶ, ಎಲೆಯ ಒದ್ದೆ, ಈ ಮೂರಕ್ಕೆ ಕಣ್ಣುಮುಚ್ಚಿ ದುಡ್ಡು ಕೊಡಬಹುದು. ಗಾಳಿಯದು ಇದ್ದರೆ ಇರಲಿ. ಮಣ್ಣಿನ ಸೆನ್ಸರ್ ಎರೆ ನೆಲದಲ್ಲಿ ಶುದ್ಧ ದಂಡ. ಮಾರುವವರು ಹೆಚ್ಚು ಹೊಗಳುವುದು ಮಾತ್ರ ಈ ಕೊನೆಯದನ್ನೇ.

ತಿನ್ನುವ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ಹವಾಮಾನದ ಲೆಕ್ಕ ಒಂದೇ ಅಲ್ಲ. ಥಾಮ್ಸನ್, ಸೋನಾಕಾ ಬೆಳೆಯುವವರು ಕಾಯಿಯ ಗಾತ್ರ, ಹೊಳಪು, ಸಿಹಿ ನೋಡುತ್ತಾರೆ. ಶಿರಾಜ್, ಕ್ಯಾಬರ್ನೆ, ಶೆನಿನ್ ಬ್ಲಾಂಕ್ ಬೆಳೆಯುವವರಿಗೆ ಸಿಹಿಯ ಜೊತೆ ಹುಳಿಯೂ ಉಳಿಯಬೇಕು. ಸಿಹಿ ಬರಿಸುವುದು ನಮ್ಮ ಬಿಸಿಲಿಗೆ ಕಷ್ಟವಲ್ಲ, ಹುಳಿ ಉಳಿಸುವುದೇ ಕಷ್ಟ. ಕಾಯಿಯಲ್ಲಿರುವ ಮ್ಯಾಲಿಕ್ ಆಮ್ಲ ಬೆಚ್ಚನೆಯ ರಾತ್ರಿಯಲ್ಲಿ ಉರಿದುಹೋಗುತ್ತದೆ. ಹಾಗಾಗಿ ವೈನ್ ತೋಟದ ಕಂಬ ರಾತ್ರಿಯ ಅಂಕಿಯನ್ನು ಸರಿಯಾಗಿ ಕೊಡಬೇಕು. ಹಗಲಿನ 38 ಡಿಗ್ರಿ ಹೇಳುವುದಕ್ಕೆ ಯಂತ್ರ ಬೇಕಿಲ್ಲ, ನೆತ್ತಿಯೇ ಹೇಳುತ್ತದೆ.

ಈ ಕಂಬ ತನ್ನ ಬೆಲೆಯನ್ನು ದುಡಿಯುವುದು ಅಕ್ಟೋಬರ್‌ನಲ್ಲಿ. ವರ್ಷದ ಎರಡನೆಯ ಚಾಟ್ನಿ, ಅಂದರೆ ಗೊನೆ ಬರಿಸುವ ಹಣ್ಣಿನ ಚಾಟ್ನಿ, ಬೀಳುವುದೇ ಹಸ್ತ, ಚಿತ್ತಿ, ಸ್ವಾತಿ ಮಳೆಗಳ ನಡುವೆ. ಕಡ್ಡಿಯ ಕಣ್ಣು ಒಡೆದು ಮೂರ್ನಾಲ್ಕು ಎಲೆ ಬಿಚ್ಚುವಷ್ಟರಲ್ಲಿ ಗೊನೆಯ ಮೊಗ್ಗು ಕಾಣುತ್ತದೆ, ಡೌನಿ ಎಂಬ ಬೂಜು ರೋಗ ಕಾಯುವುದೂ ಅದನ್ನೇ. ಮೊದಲ ಸೋಂಕಿಗೆ ದ್ರಾಕ್ಷಿ ಬೆಳೆಯುವ ದೇಶಗಳಲ್ಲಿ 10-10-24 ಎಂಬ ಸೂತ್ರ ಬಳಕೆಯಲ್ಲಿದೆ: 24 ಗಂಟೆಯೊಳಗೆ 10 ಮಿ.ಮೀ. ಮಳೆ, ಉಷ್ಣತೆ 10 ಡಿಗ್ರಿಗಿಂತ ಮೇಲೆ. ನಮ್ಮಲ್ಲಿ ಅಕ್ಟೋಬರ್ ರಾತ್ರಿ 10ಕ್ಕೆ ಇಳಿಯುವುದಿಲ್ಲವಾದ್ದರಿಂದ ಉಷ್ಣತೆಯ ಭಾಗ ಸದಾ ಪಾಸು. ಉಳಿಯುವುದು ಮಳೆ ಮತ್ತು ಒದ್ದೆಯ ಗಂಟೆ ಮಾತ್ರ. ಒಮ್ಮೆ ರೋಗ ಕಾಲಿಟ್ಟ ಮೇಲೆ ಮಳೆಯೂ ಬೇಕಿಲ್ಲ. ರಾತ್ರಿ ಕನಿಷ್ಠ 4 ಗಂಟೆ ತೇವಾಂಶ ಶೇ 98ರ ಆಸುಪಾಸು ನಿಂತು, ಉಷ್ಣತೆ 13 ಡಿಗ್ರಿಗಿಂತ ಮೇಲಿದ್ದರೆ ಎಲೆಯಡಿ ಬಿಳಿ ಬೂಜು ಏಳುತ್ತದೆ. ಬೆಳಗಿನ ಇಬ್ಬನಿ ಎರಡು-ಮೂರು ತಾಸು ಎಲೆಯ ಮೇಲೆ ನಿಂತರೆ ಆ ಬೂಜು ಪಕ್ಕದ ಎಲೆಗೆ ಹತ್ತುತ್ತದೆ. ಎಲೆಯ ಮೇಲೆ ರೋಗದ ಗುರುತಾದ ಎಣ್ಣೆಯಂಥ ಕಲೆ ಕಣ್ಣಿಗೆ ಬೀಳುವುದು ಅದಾದ ಐದಾರು ದಿನಕ್ಕೆ. ಅಷ್ಟರಲ್ಲಿ ಎಲೆಯೊಳಗೆ ಇಳಿಯುವ ಅಂತರ್ವ್ಯಾಪಿ ಔಷಧ ಕೆಲಸ ಮಾಡುವ ಎರಡು-ಮೂರು ದಿನದ ಅವಧಿ ಕಳೆದುಹೋಗಿರುತ್ತದೆ.

ಎಲೆ ಒದ್ದೆಯ ಪಟ್ಟಿ ಕೊಡುವುದು ಆ ಎರಡು-ಮೂರು ದಿನವನ್ನು. ರಾತ್ರಿ 11ಕ್ಕೆ ಒದ್ದೆ ಶುರುವಾಗಿ ಬೆಳಿಗ್ಗೆ 8ಕ್ಕೆ ಆರಿತು ಎಂದು ಅದು ಬರೆದಿಟ್ಟರೆ ಅದೇ ದಿನ ಔಷಧ ಹೊಡೆಯಬಹುದು. ನಡುರಾತ್ರಿ ತುಸು ಜಿನುಗಿ 2ಕ್ಕೇ ಗಾಳಿಗೆ ಆರಿದ್ದರೆ ಒಂದು ಸಿಂಪಡಣೆ ಉಳಿಯಿತು. ಚಾಟ್ನಿ ಆಗಿ ನಲವತ್ತು-ಐವತ್ತು ದಿನದಲ್ಲಿ ಹೀಗೆ ಮೂರ್ನಾಲ್ಕು ಸಿಂಪಡಣೆ ತಪ್ಪಿದರೆ ಔಷಧ, ಡೀಸೆಲ್, ಕೂಲಿ ಸೇರಿ ಎಷ್ಟಾಯಿತೆಂದು ಬೆಳೆಗಾರರಿಗೆ ಬೇರೆ ಹೇಳಬೇಕಿಲ್ಲ.

ಆದರೆ ಆ್ಯಪ್ ಕಳಿಸುವ ಕೆಂಪು ಗಂಟೆಯನ್ನು ನಂಬಿದರೆ ಕೆಟ್ಟಿರಿ. ಹೆಚ್ಚಿನ ಆ್ಯಪ್‌ಗಳೊಳಗಿನ ರೋಗದ ಲೆಕ್ಕ ತಂಪು ದೇಶಗಳಲ್ಲಿ ಹುಟ್ಟಿದ್ದು. ಅಲ್ಲಿ ಉಷ್ಣತೆಯೇ ಬಾಗಿಲು ಕಾಯುತ್ತದೆ, ನಮ್ಮಲ್ಲಿ ಆ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ. ಆದ್ದರಿಂದ ಅಕ್ಟೋಬರ್ ಪೂರ್ತಿ ‘ಅಪಾಯ, ಅಪಾಯ’ ಎಂದು ಬಡಿದುಕೊಳ್ಳುತ್ತಿರುತ್ತದೆ. ಹತ್ತು ದಿನಕ್ಕೆ ಯಾರೂ ತೆಗೆದು ನೋಡುವುದಿಲ್ಲ, ಹನ್ನೊಂದನೇ ದಿನ ನಿಜವಾದ ಸೋಂಕು ಬರುತ್ತದೆ. ಎಚ್ಚರಿಕೆಯ ಮಿತಿಯನ್ನು ನಾವೇ ಬದಲಿಸಲು ಬಿಡುವ ಆ್ಯಪ್ ಇದ್ದರೆ ಮಾತ್ರ ತೆಗೆದುಕೊಳ್ಳಿ. ಇಲ್ಲವಾದರೆ ಆ ಕೆಂಪು ಗಂಟೆ ಬಂದ್ ಮಾಡಿ, ಎಲೆ ಎಷ್ಟು ತಾಸು ಒದ್ದೆಯಿತ್ತು, ಮಳೆ ಎಷ್ಟು ಮಿ.ಮೀ. ಬಿತ್ತು, ಈ ಎರಡನ್ನೇ ದಿನಾ ಬೆಳಿಗ್ಗೆ ನೋಡಿದರೆ ಸಾಕು.

ಮಳೆ ಬಟ್ಟಲಿಗೆ ಇನ್ನೊಂದು ಉಪಯೋಗವಿದೆ. ಎಲೆಯ ಮೇಲೆ ಕೂರುವ ಸ್ಪರ್ಶ ಔಷಧ ಹೊಡೆದ ಮೇಲೆ ಸುಮಾರು 25 ಮಿ.ಮೀ. ಬಿದ್ದರೆ ಅರ್ಧದಷ್ಟು ತೊಳೆದುಹೋಯಿತೆಂದು ತಿಳಿಯಬೇಕು. 5 ಮಿ.ಮೀ. ಬಿದ್ದದ್ದಕ್ಕೆ ಮತ್ತೆ ಪಂಪು ಕಟ್ಟಿಕೊಂಡು ಹೊರಡುವವರೂ ಇದ್ದಾರೆ, 40 ಬಿದ್ದರೂ ‘ನಿನ್ನೆಯೇ ಹೊಡೆದಿದ್ದೇವಲ್ಲ’ ಎಂದು ಸುಮ್ಮನಿರುವವರೂ ಇದ್ದಾರೆ. ಇಬ್ಬರಿಗೂ ಉತ್ತರ ಹೋಬಳಿ ಕೇಂದ್ರದ ಮಳೆ ಲೆಕ್ಕದಲ್ಲಿ ಸಿಗುವುದಿಲ್ಲ. ಹಿಂಗಾರಿನ ಮಳೆ ಬದುವಿನ ಈಚೆ ಸುರಿದು ಆಚೆ ಧೂಳು ಹಾರಿಸುವಂಥದ್ದು.

ಚಾಟ್ನಿಯ ತಾರೀಖನ್ನು ಮಾತ್ರ ಈ ಕಂಬ ನಿರ್ಧರಿಸಿಕೊಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಕತ್ತರಿ ಹಾಕಿದರೆ ಎಳೆ ಚಿಗುರು ಹಿಂದಿರುಗುವ ಮಳೆಗೆ ಸಿಗುತ್ತದೆ. ನವೆಂಬರ್‌ಗೆ ತಳ್ಳಿದರೆ ಕಣ್ಣು ತಡವಾಗಿ, ಹಿಂದುಮುಂದಾಗಿ ಒಡೆದು, ಕಟಾವು ಮಾರ್ಚ್‌ನ ಕಾವಿಗೂ ಆಣೆಕಲ್ಲಿಗೂ ಸಿಕ್ಕಿಕೊಳ್ಳುತ್ತದೆ. 2020ರ ಅಕ್ಟೋಬರ್ ನಡುವೆ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆ ಹೊಲಗಳು ನೀರಿನಡಿ ಹೋದವು. ಅಂಥ ವಾರಕ್ಕೆ ಯಾವ ಸೆನ್ಸರೂ ಔಷಧವಲ್ಲ, ಮುನ್ಸೂಚನೆ ನೋಡಿ ಕತ್ತರಿ ಕೆಳಗಿಡುವುದೊಂದೇ ದಾರಿ. ಆದರೆ ಕಣ್ಣು ಒಡೆಸುವ ಹೈಡ್ರೋಜನ್ ಸಯನಮೈಡ್ ಹಚ್ಚುವಾಗ ರಾತ್ರಿಯ ಅಂಕಿ ಕೈಹಿಡಿಯುತ್ತದೆ. ಕಡ್ಡಿಯ ದಪ್ಪವನ್ನೂ ಉಷ್ಣತೆಯನ್ನೂ ನೋಡಿ ಲೀಟರ್ ನೀರಿಗೆ 30ರಿಂದ 40 ಮಿ.ಲೀ. ಬಳಸುತ್ತಾರೆ. ತಂಪಿದ್ದರೆ ಮೇಲಿನ ಪ್ರಮಾಣ, ಬಿಸಿಯಿದ್ದರೆ ಕೆಳಗಿನದು. (ಇದನ್ನು ಹಚ್ಚುವವರು ಹಿಂದಿನ ದಿನದಿಂದ ಮುಂದಿನ ಒಂದು ವಾರ ಮದ್ಯ ಮುಟ್ಟಬಾರದು. ಈ ರಾಸಾಯನಿಕ ದೇಹದಲ್ಲಿ ಮದ್ಯ ಕರಗುವುದನ್ನು ತಡೆದು ಮುಖ ಕೆಂಪೇರಿಸುತ್ತದೆ, ಎದೆ ಬಡಿಸುತ್ತದೆ, ವಾಂತಿ ತರುತ್ತದೆ. ವೈನ್ ತೋಟದಲ್ಲೇ ಈ ಮಾತನ್ನು ಒತ್ತಿ ಹೇಳಬೇಕಾಗಿರುವುದು ತಮಾಷೆಯೇ ಸರಿ.)

ಈಗ ಜಾಗ. ಬೋರಿನ ಶೆಡ್ಡಿನ ತಗಡಿನ ಮೇಲೆ, ಮನೆಯ ಮಾಳಿಗೆ ಮೇಲೆ ಕಂಬ ನಿಲ್ಲಿಸಿದ್ದನ್ನು ಕಂಡರೆ ಆ ತೋಟದ ಅಂಕಿಯನ್ನೇ ಓದಬೇಡಿ. ತಗಡು ಹಗಲು ಕಾದು ಸೆನ್ಸರ್‌ಗೂ ಆ ಕಾವು ಹತ್ತಿಸುತ್ತದೆ. ಉಷ್ಣತೆ-ತೇವಾಂಶದ ಗೂಡು ಸಾಲಿನ ನಡುವೆ, ಗೊನೆ ತೂಗುವ ಎತ್ತರದಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್‌ಗೆ ಇರಲಿ. ಎಲೆ ಪಟ್ಟಿ ಎಲೆಗಳ ನಡುವೆಯೇ, 45 ಡಿಗ್ರಿ ವಾಲಿ, ಉತ್ತರಕ್ಕೆ ಮುಖ ಮಾಡಿರಬೇಕು. ದಕ್ಷಿಣಕ್ಕಿಟ್ಟರೆ ಬಿಸಿಲು ನೇರ ಬಿದ್ದು ಎಲೆಗಿಂತ ಮೊದಲು ಪಟ್ಟಿ ಆರುತ್ತದೆ. ಮಳೆ ಬಟ್ಟಲು ಇದಕ್ಕೆ ತದ್ವಿರುದ್ಧ, ಸಾಲಿನಿಂದ ಹೊರಗೆ ಬಯಲಲ್ಲಿ, ಹತ್ತಿರದ ಮರದ ಎತ್ತರದ ಎರಡು ಪಟ್ಟು ದೂರಕ್ಕೆ ಬೇಕು. ಅಂದರೆ ಎಲ್ಲವನ್ನೂ ಒಂದೇ ಪೈಪಿಗೆ ಕಟ್ಟಿ ಕೊಡುವ ಮಾದರಿಯಲ್ಲಿ ಮೂಲದಲ್ಲೇ ದೋಷವಿದೆ. ಬಟ್ಟಲಿಗೆ ಉದ್ದ ಕೇಬಲ್ ಅಥವಾ ಬೇರೆ ಕಂಬ ಕೊಡುವವರನ್ನು ಆರಿಸಿ.

ಬೇಸಿಗೆಯ ಅರ್ಧ ಹಂಗಾಮಿನಲ್ಲಿ ಈ ಸಾಮಾನಿಗೆ ಕೆಲಸ ಕಡಿಮೆ, ಇಲ್ಲವೆಂದಲ್ಲ. ಏಪ್ರಿಲ್ ಚಾಟ್ನಿ ಆದ 45ರಿಂದ 60 ದಿನದೊಳಗೆ ಕಡ್ಡಿಯ ಕಣ್ಣಿನಲ್ಲಿ ಮುಂದಿನ ಗೊನೆಯ ಬೀಜ ಕೂರುತ್ತದೆ, ಅದಕ್ಕೆ ಬಿಸಿಲು ಬೇಕು. ಚಾಟ್ನಿ ಮೇಗೆ ಜಾರಿದರೆ ಆ ಹೊತ್ತು ಜೂನ್ ಕೊನೆ, ಜುಲೈಯ ಮೋಡಕ್ಕೆ ಬೀಳುತ್ತದೆ. ಅಕ್ಟೋಬರ್‌ನಲ್ಲಿ ಕಡ್ಡಿ ಬೆಳೆದರೂ ಗೊನೆ ಬರದೆ ‘ಬಳ್ಳಿ ಮೋಸ ಮಾಡಿತು’ ಎನ್ನುವ ತೋಟಗಳಲ್ಲಿ ಬಹಳ ಸಲ ಮೋಸ ಮಾಡಿದ್ದು ಈ ಮೋಡ. ಇದನ್ನು ಅಳೆಯುವ ಸೌರ ವಿಕಿರಣದ ಸೆನ್ಸರ್ ದುಬಾರಿ. ಮೋಡ ಎಷ್ಟು ದಿನ ಕವಿದಿತ್ತೆಂದು ಕ್ಯಾಲೆಂಡರಿನಲ್ಲಿ ಗೀಟು ಹಾಕಿದರೂ ಅದೇ ಕೆಲಸ ಆಗುತ್ತದೆ.

ನೀರಿನ ಲೆಕ್ಕಕ್ಕೆ ಮಾತ್ರ ಬೇಸಿಗೆಯಲ್ಲೂ ಕಂಬ ಬೇಕು. ಸಾಲಿನಿಂದ ಸಾಲಿಗೆ 9 ಅಡಿ, ಬಳ್ಳಿಯಿಂದ ಬಳ್ಳಿಗೆ 5 ಅಡಿ ಇದ್ದರೆ ಎಕರೆಗೆ 968 ಬಳ್ಳಿ, ಒಂದೊಂದರ ಪಾಲಿಗೆ 4.18 ಚದರ ಮೀಟರ್ ನೆಲ. ಆದ್ದರಿಂದ 1 ಮಿ.ಮೀ. ನೀರೆಂದರೆ ಬಳ್ಳಿಗೆ 4.18 ಲೀಟರ್. ಕಂಬ ಇವತ್ತಿನ ಆವಿ ನಷ್ಟ 6 ಮಿ.ಮೀ. ಅಂದರೆ, ಬೆಳೆ ಗುಣಾಂಕ (ಆ ನಷ್ಟದಲ್ಲಿ ಬಳ್ಳಿಯ ಪಾಲು) 0.5 ಹಿಡಿದರೆ 3 ಮಿ.ಮೀ. ಕೊಡಬೇಕು, ಅಂದರೆ ಬಳ್ಳಿಗೆ ಹನ್ನೆರಡೂವರೆ ಲೀಟರ್. ಡ್ರಿಪ್ಪಿನ ಗಂಟೆ ಇಲ್ಲಿಂದ ಹೊರಡುತ್ತದೆ. ಕೆಂಪು ತಳಿಗಳಿಗೆ ಕಾಯಿ ಕಟ್ಟಿದ ಮೇಲೆ, ಬಣ್ಣ ತಿರುಗುವ ತನಕ ನೀರನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ. ಕಾಯಿ ಸಣ್ಣದಿದ್ದರೆ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು, ಬಣ್ಣವೂ ಗಟ್ಟಿ.

ಮಣ್ಣಿನ ಸೆನ್ಸರ್‌ನ ಬೆಲೆ ಗೊತ್ತಾಗುವುದೂ ಇಲ್ಲೇ. ಎರೆ ಒಣಗುತ್ತಿದ್ದಂತೆ ಬಿರಿಯುತ್ತದೆ, ಬಿರುಕು ಬಹಳ ಸಲ ಸೆನ್ಸರ್ ಹೂತ ಸಡಿಲ ಜಾಗವನ್ನೇ ಹಿಡಿದು ಬಾಯಿ ತೆರೆಯುತ್ತದೆ. ಸೆನ್ಸರ್ ಸುತ್ತ ಗಾಳಿ ತುಂಬಿ ‘ಪೂರ್ತಿ ಒಣಗಿದೆ’ ಎಂದು ತೋರಿಸುತ್ತದೆ, ನಾಲ್ಕು ಬೆರಳು ಆಚೆ ಮಣ್ಣು ಕೈಗೆ ಅಂಟುತ್ತಿರುತ್ತದೆ. ಅದನ್ನು ನಂಬಿ ನೀರು ಬಿಟ್ಟರೆ ಬಿರುಕಿನ ತುಂಬ ನೀರು, ಬೇರಿಗೆ ಉಸಿರುಗಟ್ಟು, ಎಲೆಗೆ ಹಳದಿ. 30 ಮತ್ತು 60 ಸೆಂ.ಮೀ. ಆಳಕ್ಕೆ ಒಂದೊಂದು ಟೆನ್ಸಿಯೋಮೀಟರ್ (ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ತೋರಿಸುವ ಕೊಳವೆ) ಹೂಳಿ, ಬಿರುಕು ಬಿಟ್ಟಾಗ ಅದೇ ಮಣ್ಣಿನ ಕೆಸರು ಸುತ್ತ ತುಂಬಿದರೆ ಕಡಿಮೆ ದುಡ್ಡಿಗೆ ಹೆಚ್ಚು ಸತ್ಯ ಸಿಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ದೂರು ಅಷ್ಟಿಲ್ಲ, ಅಲ್ಲಿಯವರು ಮಣ್ಣಿನ ಸೆನ್ಸರ್ ಕೊಂಡರೆ ತಪ್ಪೆನ್ನಲಾಗದು.

ನವೆಂಬರ್ ಕಳೆದು ಮುಗಿಲು ತಿಳಿಯಾದರೆ ಡೌನಿ ಹಿಂದೆ ಸರಿದು ಬೂದಿ ರೋಗ ಮುಂದೆ ಬರುತ್ತದೆ. ಅದಕ್ಕೆ ಒದ್ದೆ ಬೇಡ. 20ರಿಂದ 27 ಡಿಗ್ರಿ, ಎಲೆಯೊಳಗಿನ ನೆರಳು, ಇಷ್ಟಿದ್ದರೆ ಸಾಕು. ನಮ್ಮ ಡಿಸೆಂಬರ್ ಹಗಲಿನ ಬಹುಪಾಲು ಅದೇ. ಎಲೆ ಪಟ್ಟಿ ‘ಒಣಗಿದೆ’ ಎಂದು ಹಸಿರು ತೋರಿಸಿದ್ದನ್ನೇ ನೆಚ್ಚಿ ನಿಶ್ಚಿಂತೆಯಾಗಿ ಕೂತವರ ಗೊನೆಗೆ ಬೂದಿ ಬೀಳುವುದು ಈ ತಿಂಗಳಲ್ಲೇ. ಗಂಧಕ ಹೊಡೆಯುವ ಮೊದಲು ಕಂಬದ ಉಷ್ಣತೆ ನೋಡಿ. 35ರ ಹತ್ತಿರ ಬಂದರೆ ಗಂಧಕವೇ ಎಲೆ ಸುಡುತ್ತದೆ. ವೈನ್ ದ್ರಾಕ್ಷಿಗೆ ಕಟಾವಿನ ಮುಂಚಿನ ಐದಾರು ವಾರ ಗಂಧಕ ಹೇಗೂ ಬೇಡ. ಸಿಪ್ಪೆಯ ಮೇಲೆ ಉಳಿದದ್ದು ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಎಬ್ಬಿಸುತ್ತದೆ, ವೈನರಿಯವರು ಟ್ಯಾಂಕಿನ ಮುಂದೆ ನಿಂತು ತೋಟವನ್ನೇ ಬೈಯುತ್ತಾರೆ.

ಗಾಳಿಯ ಬಟ್ಟಲು ನೆರವಾಗುವುದೂ ಸಿಂಪಡಣೆಗೇ. ಗಂಟೆಗೆ 10-12 ಕಿ.ಮೀ. ದಾಟಿದರೆ ಔಷಧ ಪಕ್ಕದ ತೊಗರಿ ಹೊಲಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಒಣ ಬಲ್ಬು ಮತ್ತು ಒದ್ದೆ ಬಲ್ಬಿನ ಉಷ್ಣತೆಗಳ ಅಂತರ, ಅಂದರೆ ಗಾಳಿ ಎಷ್ಟು ಒಣಗಿದೆ ಎಂಬುದರ ಅಳತೆ. ಕೆಲವು ಆ್ಯಪ್‌ಗಳಲ್ಲಿ ಇದು ‘ಡೆಲ್ಟಾ ಟಿ’ ಎಂದಿರುತ್ತದೆ. 2ರಿಂದ 8ರ ನಡುವೆ ಇದ್ದರೆ ಹೊಡೆಯಲು ಹದ, 10 ದಾಟಿದರೆ ಹನಿ ಎಲೆ ಮುಟ್ಟುವ ಮೊದಲೇ ಆರುತ್ತದೆ. ಕಲಬುರಗಿಯ ಫೆಬ್ರವರಿ ಮಧ್ಯಾಹ್ನಗಳಲ್ಲಿ ಅದು 10ರೊಳಗೆ ಇರುವುದೇ ಅಪರೂಪ. ಈ ಅಂಕಿ ತೋರಿಸುವ ಆ್ಯಪ್‌ಗೆ ಒಂದು ನಕ್ಷತ್ರ ಹೆಚ್ಚು ಕೊಡಬಹುದು.

ಇನ್ನು ಕಟಾವು. ಹೆಚ್ಚಿನ ಆ್ಯಪ್‌ಗಳು ಶಾಖದ ಮೊತ್ತ ತೋರಿಸುತ್ತವೆ: ದಿನದ ಗರಿಷ್ಠ-ಕನಿಷ್ಠದ ಸರಾಸರಿಯಲ್ಲಿ 10 ಕಳೆದು, ಉಳಿದದ್ದನ್ನು ದಿನದಿನವೂ ಕೂಡಿಸುತ್ತ ಹೋಗುವುದು. ಗರಿಷ್ಠ 31, ಕನಿಷ್ಠ 17 ಆದರೆ ಸರಾಸರಿ 24, ಆ ದಿನದ ಗಳಿಕೆ 14. ಲೆಕ್ಕ ಸರಳವೇ, ಆದರೆ ಎರಡು ಕಡೆ ಎಡವುತ್ತದೆ. 35ರ ಮೇಲೆ ಬಳ್ಳಿ ಬಾಗಿಲು ಹಾಕಿಕೊಂಡು ಕೂರುತ್ತದೆ, ಆ್ಯಪ್ ಮಾತ್ರ ಕೂಡಿಸುತ್ತಲೇ ಹೋಗುತ್ತದೆ. ಎರಡನೆಯದಾಗಿ, ಕೆಲವು ಆ್ಯಪ್ ಗರಿಷ್ಠ-ಕನಿಷ್ಠದಿಂದ ಲೆಕ್ಕ ಹಾಕಿದರೆ ಕೆಲವು ಹತ್ತು ನಿಮಿಷದ ಸರಾಸರಿಯಿಂದ ಹಾಕುತ್ತವೆ. ಕಂಪನಿ ಬದಲಿಸಿ ಹಳೆಯ ವರ್ಷದ ಮೊತ್ತದೊಂದಿಗೆ ಹೋಲಿಸಿದರೆ ಕೈ ಸುಡುತ್ತದೆ. ಹೊರದೇಶದ ಪಟ್ಟಿಯ ಅಂಕಿಯೂ ಇಲ್ಲಿ ನಡೆಯದು. ಚಾಟ್ನಿಯ ದಿನದಿಂದ ನಿಮ್ಮ ಶಿರಾಜ್ 22 ಬ್ರಿಕ್ಸ್ (ರಸದ ಸಿಹಿಯ ಅಳತೆ) ಮುಟ್ಟಿದ ದಿನದ ತನಕ ಆದ ಮೊತ್ತವನ್ನು ಬರೆದಿಟ್ಟುಕೊಂಡರೆ ಮುಂದಿನ ವರ್ಷ ಕೂಲಿಯವರಿಗೂ ಲಾರಿಗೂ ವಾರ ಮೊದಲೇ ಹೇಳಿಡಬಹುದು.

ಕೊನೆಯ ಮೂರು ವಾರ ದಿನಾ ನೋಡಬೇಕಾದದ್ದು ಕನಿಷ್ಠ ಉಷ್ಣತೆ. ರಾತ್ರಿ 15-16ರಲ್ಲಿದ್ದರೆ ಸಿಹಿ ಮೆಲ್ಲಗೆ ಏರುತ್ತದೆ, ಹುಳಿಯೂ ನಿಲ್ಲುತ್ತದೆ. 20 ದಾಟಿತೆಂದರೆ ವಾರಕ್ಕೊಮ್ಮೆ ನೋಡುತ್ತಿದ್ದ ಬ್ರಿಕ್ಸ್, ಪಿಎಚ್‌ಗಳನ್ನು ಎರಡು ದಿನಕ್ಕೊಮ್ಮೆ ನೋಡಿ. ಬಿಳಿ ತಳಿಗೆ 20ರಿಂದ 22 ಬ್ರಿಕ್ಸ್, ಪಿಎಚ್ 3.1ರಿಂದ 3.4. ಕೆಂಪಿಗೆ 22ರಿಂದ 24, ಪಿಎಚ್ 3.3ರಿಂದ 3.6. ಸಾಲಿನ ಎರಡೂ ಬದಿಯಿಂದ, ಗೊನೆಯ ಮೇಲೆ-ನಡುವೆ-ತುದಿಯಿಂದ ನೂರು ಕಾಯಿ ಕಿತ್ತು ಹಿಂಡಿ. 10 ಮಿ.ಲೀ. ರಸದ ಹುಳಿ ಮುರಿಯಲು 0.1 ನಾರ್ಮಲ್ ಸಾಂದ್ರತೆಯ ಕಾಸ್ಟಿಕ್ ಸೋಡಾ ದ್ರಾವಣ ಎಷ್ಟು ಮಿ.ಲೀ. ಹಿಡಿಯಿತೋ ಅದನ್ನು 0.75ರಿಂದ ಗುಣಿಸಿದರೆ ಲೀಟರ್‌ಗೆ ಎಷ್ಟು ಗ್ರಾಂ ಹುಳಿ ಎಂಬುದು ಸಿಗುತ್ತದೆ. ಇದನ್ನು ಕಂಬ ಹೇಳಲಾರದು, ಯಾವಾಗ ಹಿಂಡಿ ನೋಡಬೇಕೆಂದಷ್ಟೇ ಹೇಳುತ್ತದೆ. ಅಕಾಲದ ಮಳೆ ಬಿದ್ದರೆ ಬ್ರಿಕ್ಸ್ ಒಂದೆರಡು ಡಿಗ್ರಿ ಇಳಿಯಬಹುದು. ಕಾಯಿ ಬಿರಿಯದಿದ್ದರೆ, ಎಲೆ ಪಟ್ಟಿ ಬೆಳಿಗ್ಗೆಯೇ ಆರುತ್ತಿದ್ದರೆ ನಾಲ್ಕೈದು ದಿನ ಕಾಯಬಹುದು. ಒದ್ದೆ ಮಧ್ಯಾಹ್ನದ ತನಕ ಎಳೆದರೆ ಕೊಳೆ ಬರುವ ಮೊದಲೇ ಕೊಯ್ಯುವುದು ಲೇಸು. ಕೊಯ್ಲಿನ ಹೊತ್ತನ್ನೂ ಕಂಬದಿಂದಲೇ ಹಿಡಿಯಬಹುದು. ಉಷ್ಣತೆ ತೀರ ಕೆಳಗಿರುವುದು ನಸುಕಿನ 4ರಿಂದ 7ರ ನಡುವೆ. ಆಗ ಕಿತ್ತ 20 ಕೆಜಿ ಕ್ರೇಟು ದೂರದ ವೈನರಿಗೆ ತಂಪಾಗಿಯೇ ಮುಟ್ಟುತ್ತದೆ, 11ಕ್ಕೆ ಕಿತ್ತದ್ದು ದಾರಿಯಲ್ಲೇ ಹುದುಗಲು ಶುರುಮಾಡುತ್ತದೆ. ಬೀದರ್ ಎತ್ತರದಲ್ಲಿದ್ದು ರಾತ್ರಿ ಹೆಚ್ಚು ತಂಪು, ಯಾದಗಿರಿ ತಗ್ಗಿನಲ್ಲಿದ್ದು ಬೆಚ್ಚಗೆ. ಒಂದೇ ತಳಿ, ಒಂದೇ ದಿನದ ಚಾಟ್ನಿ ಇದ್ದರೂ ಎರಡು ಕಡೆಯ ಹುಳಿ ಒಂದೇ ಆಗಿರುವುದಿಲ್ಲ.

ಕೊಟ್ಟ ದಿನದ ಅಂಕಿ ಸರಿಯೇ ಇರುತ್ತದೆ, ಆರು ತಿಂಗಳಿಗೆ ಅದು ಸುಳ್ಳಾಗುತ್ತದೆ. ಮಳೆ ಬಟ್ಟಲಿನ ಬಾಯಿ 16 ಸೆಂ.ಮೀ. ಅಗಲವಿದ್ದು, ಒಳಗಿನ ತೂಗುತೊಟ್ಟಿ 0.2 ಮಿ.ಮೀ.ಗೆ ಒಮ್ಮೆ ಮಗುಚುವಂಥದ್ದಾದರೆ, ಒಂದು ಮಗುಚಿಗೆ ಸುಮಾರು 4 ಮಿ.ಲೀ. ನೀರು. ತಳಕ್ಕೆ ಸೂಜಿ ತೂತು ಮಾಡಿದ ಬಾಟಲಿಯಲ್ಲಿ 200 ಮಿ.ಲೀ. ತುಂಬಿ ಬಟ್ಟಲಿನೊಳಗೆ ನಿಧಾನ ಹನಿಸಿ. ಆ್ಯಪ್‌ನಲ್ಲಿ 10 ಮಿ.ಮೀ. ಆಸುಪಾಸು ಬರಬೇಕು. 7 ಬಂದರೆ ಧೂಳೋ ಇರುವೆ ಗೂಡೋ ಒಳಗೆ ಸೇರಿದೆ ಎಂದರ್ಥ. ತೇವಾಂಶದ ಸೆನ್ಸರ್ ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಸಣ್ಣ ಡಬ್ಬಿಯಲ್ಲಿ ಉಪ್ಪನ್ನು ಗಂಜಿಯಂತೆ ತೇವ ಮಾಡಿ, ಸೆನ್ಸರ್ ಅದಕ್ಕೆ ತಾಗದಂತೆ ಒಳಗಿಟ್ಟು, ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ಡೌನಿಯ 98ರ ಮಿತಿಯನ್ನು ಅದು ಎಂದೂ ಹಿಡಿಯಲಾರದು. ಔಷಧ ಹೊಡೆಯುವ ದಿನ ಗೂಡಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸಂಜೆ ಮರೆಯದೆ ಬಿಚ್ಚಿ. ಎಲೆ ಪಟ್ಟಿಯನ್ನು ವಾರಕ್ಕೊಮ್ಮೆ ಆರ್‌ಒ ನೀರಲ್ಲಿ ಮೆತ್ತಗೆ ಒರೆಸಿ. ಮೈಲುತುತ್ತದ ಪದರ ಕೂತರೆ ಒಣಗಿದ್ದರೂ ಒದ್ದೆ ಎನ್ನುತ್ತದೆ.

ಬ್ಯಾಟರಿ ಕೈಕೊಡುವುದು ಯಾವಾಗಲೂ ಬೇಕಾದ ಹೊತ್ತಿಗೇ: ಐದು ದಿನ ಮೋಡ ಕವಿದ ಅಕ್ಟೋಬರ್‌ನಲ್ಲಿ. ಬಿಸಿಲಿಲ್ಲದೆ ಎಷ್ಟು ದಿನ ನಡೆಯುತ್ತದೆಂದು ಬರೆಸಿಕೊಳ್ಳಿ, ಏಳು ದಿನಕ್ಕಿಂತ ಕಡಿಮೆಯಾದರೆ ಬೇಡ. ಸಿಗ್ನಲ್ ಹೋದಾಗ ಅಂಕಿಯನ್ನು ಒಳಗೇ ಉಳಿಸಿಕೊಂಡು ಆಮೇಲೆ ಕಳಿಸುವ ವ್ಯವಸ್ಥೆ ಇರಲೇಬೇಕು. ಡಬ್ಬಿ ಬಿಳಿಯದಿರಲಿ, ಕಪ್ಪು ಡಬ್ಬಿಯೊಳಗಿನ ಲಿಥಿಯಂ ಬ್ಯಾಟರಿಗೆ ಮೇ ತಿಂಗಳು ಆಯಸ್ಸು ಕಡಿಮೆ. ಕಂಬಕ್ಕೆ ಅರ್ಥಿಂಗ್ ಮಾಡಿಸದೆ ಬಿಟ್ಟರೆ ಬೇಸಿಗೆಯ ಮೊದಲ ಗುಡುಗಿಗೇ ಡಬ್ಬಿ ಸುಡಬಹುದು.

‘ಮೇಘದೂತ’ ಆ್ಯಪ್ ಪುಕ್ಕಟೆ ಇರುವಾಗ ಇದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹವಾಮಾನ ಇಲಾಖೆ 2019ರಿಂದ ಕೊಡುತ್ತಿರುವ ಅದರಲ್ಲಿ ಮುಂದಿನ ಐದು ದಿನದ ಮುನ್ಸೂಚನೆ ಇರುತ್ತದೆ, ಮಂಗಳವಾರ-ಶುಕ್ರವಾರ ಬೆಳೆ ಸಲಹೆ ಕನ್ನಡದಲ್ಲೇ ಬರುತ್ತದೆ. ಸಿಡಿಲಿಗೆ ‘ದಾಮಿನಿ’ ಇದೆ. ಅವು ಮುಂದಿನದನ್ನು ಹೇಳುತ್ತವೆ, ಈ ಕಂಬ ರಾತ್ರಿ ನಿಮ್ಮ ಸಾಲಿನೊಳಗೆ ಏನಾಯಿತೆಂದು ಹೇಳುತ್ತದೆ. ಚಾಟ್ನಿ, ಕೊಯ್ಲು, ಆಣೆಕಲ್ಲಿಗೆ ಬಲೆ ಎಳೆಯುವುದು ಮುನ್ಸೂಚನೆಯ ಕೆಲಸ. ಔಷಧ ಮತ್ತು ನೀರು ಕಂಬದ ಕೆಲಸ.

ಬೆಲೆ ಕೇಳುವಾಗ ಮೂರು ಸಾಲು ಬೇರೆಬೇರೆ ಬರೆಸಿಕೊಳ್ಳಿ: ಸಾಮಾನಿನ ದರ, ಸಿಮ್ ಸೇರಿ ವರ್ಷದ ಚಂದಾ, ತೇವಾಂಶದ ಸೆನ್ಸರ್ ಬದಲಿಸುವ ದರ. ಮೊದಲನೆಯದರಲ್ಲಿ ರಿಯಾಯಿತಿ ಕೊಟ್ಟು ಎರಡನೆಯದರಲ್ಲಿ ವಸೂಲಿ ಮಾಡುವುದು ಈ ವ್ಯಾಪಾರದ ರೂಢಿ. ಚಂದಾ ಕಟ್ಟದಿದ್ದರೆ ಹಳೆಯ ಅಂಕಿ ಕೈಗೆ ಸಿಗುತ್ತದೋ, ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಬಹುದೋ ಎಂದೂ ಕೇಳಿ. ಎರಡು ಎಕರೆಗಿಂತ ಕಡಿಮೆ ತೋಟದವರು ಒಬ್ಬರೇ ಕೊಳ್ಳುವ ಅಗತ್ಯವಿಲ್ಲ. ಒಂದೇ ಬಗೆಯ ನೆಲ, ಒಂದೇ ವಾರದ ಚಾಟ್ನಿ ಇರುವ ಅಕ್ಕಪಕ್ಕದ ಮೂರು ತೋಟಕ್ಕೆ ಒಂದು ಕಂಬ ಹಂಚಿಕೊಳ್ಳಬಹುದು. ಆದರೆ ಮಳೆ ಬಟ್ಟಲನ್ನು ಮಾತ್ರ ಪ್ರತಿ ತೋಟದವರೂ ತಮ್ಮದೇ ಇಟ್ಟುಕೊಳ್ಳಲಿ. ಅದಕ್ಕೆ ಸಿಮ್ ಬೇಕಿಲ್ಲ, ಅಳತೆ ಗೀಟಿರುವ ಸಾದಾ ಮಳೆಮಾಪಕವೊಂದು ಸಾಕು.